ಕರ್ತವ್ಯದ ಆಚೆಗಿನ ಒಳಿತು

ಜರ್ಮನರ ವಶದಲ್ಲಿದ್ದ ಆಮ್‌ಸ್ಟರ್‌ಡಾಮಿನಲ್ಲಿ ಆನ್ ಫ್ರಾಂಕ್ ಕುಟುಂಬವೂ ಸೇರಿ ಎಂಟು ಯಹೂದಿಗಳನ್ನು ಕಚೇರಿಯ ಹಿಂಬದಿಯ ಕೋಣೆಗಳಲ್ಲಿ ಬಚ್ಚಿಟ್ಟು ಅನ್ನ ಹಾಕಿದವರು ಆ ಕಚೇರಿಯ ನೌಕರರೇ. ಅವರಲ್ಲೊಬ್ಬರಾದ ಮೀಪ್ ಗೀಸ್, 2010ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ, ತಾವೇನೂ ವೀರರಲ್ಲ ಎಂದೇ ಹೇಳುತ್ತಿದ್ದರು. ವಿನಯದ ಮಾತೇ ಸರಿ; ತತ್ತ್ವಶಾಸ್ತ್ರವನ್ನು ಮಾತ್ರ ಅದು ಪೇಚಿಗೆ ಸಿಲುಕಿಸುತ್ತದೆ. ಅವರು ಮಾಡಿದ್ದು ಬರೀ ಕರ್ತವ್ಯವಾದರೆ, ಬಾಗಿಲು ಮುಚ್ಚಿಕೊಂಡ ಡಚ್ಚರೆಲ್ಲ ಕರ್ತವ್ಯಭ್ರಷ್ಟರು. ಕರ್ತವ್ಯಕ್ಕಿಂತ ಹೆಚ್ಚಿನದಾದರೆ, ಅವರಲ್ಲಿ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಮಾಡಿದರೆ ಮೆಚ್ಚುಗೆ, ಮಾಡದಿದ್ದರೆ ದೋಷವಿಲ್ಲ ಎನ್ನುವಂಥ ಕೃತ್ಯಗಳನ್ನು ‘ಕರ್ತವ್ಯಾತೀತ’ ಎನ್ನಬಹುದು. ಕ್ರೈಸ್ತ ಚಿಂತನೆಯಲ್ಲಿ ಹಳೆಯದಾದ ಈ ಕಲ್ಪನೆಯನ್ನು ಬ್ರಿಟಿಷ್ ತತ್ತ್ವಜ್ಞ ಜೆ. ಓ. ಅರ್ಮ್ಸನ್ 1958ರ ಪ್ರಬಂಧವೊಂದರಲ್ಲಿ ಮತ್ತೆ ಚರ್ಚೆಗೆ ತಂದರು. ವೀರನು ತನ್ನ ಕೆಲಸವನ್ನು ಕರ್ತವ್ಯವೆಂದೇ ಭಾವಿಸಬಹುದು, ಆದರೆ ಬೇರೆಯವರು ಅದನ್ನು ಅವನಿಂದ ಹಕ್ಕಿನಿಂದ ಕೇಳಲಾಗದು ಎಂಬುದು ಅವರ ವಾದ.

ಪೋಲೆಂಡನ್ನು ನೋಡಿದರೆ ಈ ವಾದವನ್ನು ಒಪ್ಪದೆ ಗತಿಯಿಲ್ಲ. ಅಲ್ಲಿ ಯಹೂದಿಗಳಿಗೆ ಆಸರೆ ಕೊಟ್ಟವರಿಗೆ ಮರಣದಂಡನೆ. ಮಾರ್ಕೋವಾ ಹಳ್ಳಿಯ ಉಲ್ಮಾ ದಂಪತಿ ಎಂಟು ಮಂದಿಯನ್ನು ಮನೆಯಲ್ಲಿಟ್ಟುಕೊಂಡಿದ್ದರು. 1944ರ ಮಾರ್ಚ್ 24ರಂದು ಆ ಎಂಟು ಮಂದಿಯ ಜೊತೆಗೆ ಗರ್ಭಿಣಿ ವಿಕ್ಟೋರಿಯಾಳನ್ನೂ ಗಂಡನನ್ನೂ ಆರು ಮಕ್ಕಳನ್ನೂ ನಾಜಿಗಳು ಕೊಂದರು. ನಿನ್ನ ಮಕ್ಕಳ ಪ್ರಾಣವನ್ನೂ ಪಣಕ್ಕಿಡು ಎಂದು ಯಾವ ನೀತಿ ತಾನೇ ಆಜ್ಞಾಪಿಸೀತು? ಆದರೆ ಈ ವಾದ ಅಪಾಯವನ್ನು ಆಲಿಕಲ್ಲು ಮಳೆಯಂತೆ ತಾನಾಗಿ ಸುರಿದದ್ದೆಂದು ಎಣಿಸಿಬಿಡುತ್ತದೆ. ಕಾನೂನು ಮಾಡಿದವರು ನಾಜಿಗಳು, ನಿಜ. ಆದರೆ ಉಲ್ಮಾ ಮನೆಯ ಸುಳಿವು ಕೊಟ್ಟವನು ಸ್ಥಳೀಯ ಪೊಲೀಸನೆಂದು ನಂಬಲಾಗಿದೆ. ಹಾಲೆಂಡಿನಲ್ಲಿ ಅಡಗಿದ್ದ ಯಹೂದಿಯನ್ನು ಹಿಡಿದುಕೊಟ್ಟರೆ ತಲೆಗೆ 7.50 ಗಿಲ್ಡರ್ ಇನಾಮು ಸಿಗುತ್ತಿತ್ತು. ಅದಕ್ಕೆ ಕೈಚಾಚಿದ ಡಚ್ಚರಿದ್ದರು. ಆದರೆ ಮೀಪ್ ಹೋಗುತ್ತಿದ್ದ ತರಕಾರಿ ಅಂಗಡಿಯವನು, ಇಷ್ಟೊಂದು ಯಾರಿಗೆ ಎಂದು ಕೇಳದೆ ತೂಗಿಕೊಡುತ್ತಿದ್ದ. ಸುಳಿವು ಕೊಡದಿರಲು, ಕೆದಕಿ ಕೇಳದಿರಲು ವೀರನಾಗಬೇಕಿಲ್ಲ. ಅದು ಎಲ್ಲರಿಂದಲೂ ನಿರೀಕ್ಷಿಸಬಹುದಾದ ಕನಿಷ್ಠ. ಊರಿನವರು ಈ ಕನಿಷ್ಠವನ್ನೂ ಕೈಬಿಟ್ಟಷ್ಟು ಆಸರೆ ಕೊಡುವವರ ಹೊರೆ ಏರುತ್ತದೆ. ಆಸರೆ ಕೊಡುವುದು ಕರ್ತವ್ಯಾತೀತವಾಗುವುದರಲ್ಲಿ ನೆರೆಯವರ ಕರ್ತವ್ಯಲೋಪದ ಪಾಲೂ ಇದೆ.

ನೆರೆಯವರು ಆ ಕನಿಷ್ಠವನ್ನು ಉಳಿಸಿಕೊಂಡರೆ ಹೊರೆ ಇಳಿಯುತ್ತದೆ. 1943ರ ಅಕ್ಟೋಬರಿನಲ್ಲಿ ಡೆನ್ಮಾರ್ಕಿನ ಜನ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಮೀನುಗಾರರಲ್ಲಿ ಕೆಲವರು ದುಬಾರಿ ಹಣ ಕಿತ್ತುಕೊಂಡದ್ದೂ ಉಂಟು. ವೀರರಲ್ಲದವರೂ ಈ ಕೆಲಸಕ್ಕೆ ಒದಗಿದರೆಂಬುದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಸ್ವೀಡನ್ ಕೂಗಳತೆಯಲ್ಲಿತ್ತು, ಡೆನ್ಮಾರ್ಕಿನ ಜರ್ಮನ್ ಆಳ್ವಿಕೆಯೂ ಪೋಲೆಂಡಿನಷ್ಟು ಕ್ರೂರವಾಗಿರಲಿಲ್ಲ, ಹೋಲಿಕೆಯೇ ಸಲ್ಲದು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಆದರೆ ಅದೇ ಕಡಲಂಚಿನ ಗಿಲೆಲೆಯೆ ಊರಿನಲ್ಲಿ, ಚರ್ಚಿನ ಅಟ್ಟದ ಮೇಲೆ ಅಡಗಿದ್ದ ಸುಮಾರು 80 ಮಂದಿ ಸುಳಿವು ಸೋರಿ ನಾಜಿ ಗುಪ್ತ ಪೊಲೀಸರಾದ ಗೆಸ್ಟಾಪೊ ಕೈಗೆ ಸಿಕ್ಕಿದರು. ಸ್ವೀಡನ್ ಅವರಿಗೂ ಅಷ್ಟೇ ಹತ್ತಿರವಿತ್ತು; ಕೈಕೊಟ್ಟದ್ದು ದೂರವಲ್ಲ, ಸೋರಿದ ಸುಳಿವು. ಹಾಗಾಗಿ ಮಕ್ಕಳನ್ನು ನೆನೆದು ಬಾಗಿಲು ತೆರೆಯದ ಪೋಲಿಷ್ ತಾಯಿಯನ್ನು ದೂಷಿಸುವ ಹಕ್ಕು ನಮಗಿಲ್ಲ; ಆದರೆ ಅವಳಿಗೆ ಸಲ್ಲುವ ಆ ರಿಯಾಯಿತಿ ಗಿಲ್ಡರ್ ಎಣಿಸಿಕೊಂಡವನಿಗೆ ಸಲ್ಲುವುದಿಲ್ಲ.