ಮನೆ ಬಿಡುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಗಾದೆ ಮಾಡಿದರು. ಮನೆ ಬದಲಾಯಿಸಿ ನೋಡು ಎಂಬ ಮೂರನೆಯ ಮಾತನ್ನು ಅವರು ಅದಕ್ಕೆ ಸೇರಿಸಲಿಲ್ಲ. ಸೇರಿಸುವ ಪ್ರಸಂಗ ಅವರಿಗೆ ಬಂದಿರಲಾರದು. ಅವರಲ್ಲಿ ಬಹುಮಂದಿ ಹುಟ್ಟಿದ ಮನೆಯಲ್ಲಿಯೇ ಬಾಳಿ ಅಲ್ಲಿಯೇ ಕಣ್ಣು ಮುಚ್ಚಿದರು. ಸಂಬಳದ ನೌಕರಿ, ವರ್ಗಾವಣೆ, ಬಾಡಿಗೆ ಮನೆ, ಮುಂಗಡದ ಹಣ ಇವು ನಾಲ್ಕೂ ಕೂಡಿ ತಂದ ಈ ಕಷ್ಟ ನಮ್ಮಂಥವರ ಪಾಲಿನದು. ಆದ್ದರಿಂದ ಇದರ ನೀತಿಯನ್ನು ಕುರಿತು ಯೋಚಿಸುವ ಭಾರವೂ ನಮ್ಮ ಮೇಲೆಯೇ ಬಿದ್ದಿದೆ.

ಸಾಮಾನು ಕಟ್ಟುವುದರಲ್ಲಿ ನೀತಿಯ ಮಾತೇನು ಬಂತು ಎಂದು ವಾಚಕರು ಕೇಳಬಹುದು. 2025ರ ಜೂನ್ ತಿಂಗಳವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಆ ತಿಂಗಳ ಮೊದಲಲ್ಲಿ ನನಗೆ ದೊಡ್ಡಬಳ್ಳಾಪುರದಿಂದ ಹೊಸಕೋಟೆಗೆ ವರ್ಗವಾಯಿತು. ದೊಡ್ಡಬಳ್ಳಾಪುರದಲ್ಲಿ ನಾವಿದ್ದದ್ದು ಮಗ್ಗದವರ ಬೀದಿಯಲ್ಲಿ. ಹದಿನಾಲ್ಕು ವರ್ಷ ಒಂದೇ ಮನೆ. ಆ ಊರನ್ನು ಬಲ್ಲವರಿಗೆ ವಿದ್ಯುತ್ ಮಗ್ಗಗಳ ಸದ್ದನ್ನು ವರ್ಣಿಸಬೇಕಾಗಿಲ್ಲ. ಹೊಸದಾಗಿ ಬಂದವನಿಗೆ ಮೊದಲ ವಾರ ನಿದ್ದೆ ಹತ್ತುವುದಿಲ್ಲ. ವರ್ಷ ಕಳೆದ ಮೇಲೆ, ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತದೆ. ಆಷಾಢದಲ್ಲಿ ನಮ್ಮ ಕಡೆ ಮನೆ ಬದಲಾಯಿಸುವುದಿಲ್ಲ. ಆ ವರ್ಷ ಜೂನ್ 26ಕ್ಕೆ ಆಷಾಢ ಮೊದಲಾಗುವುದಿತ್ತು. ಅಷ್ಟರೊಳಗೆ ಹೊರಟುಬಿಡಬೇಕೆಂದು ನಿಶ್ಚಯಿಸಿ ಹೊಸಕೋಟೆಯಲ್ಲಿ ಒಂದು ಮನೆ ಗೊತ್ತು ಮಾಡಿದೆ.

ಮುಂಗಡ ಕೊಡಲು ಹೋದ ದಿನ ದೇವನಹಳ್ಳಿ, ಸೂಲಿಬೆಲೆ ಮಾರ್ಗವಾಗಿ ಬಸ್ಸಿನಲ್ಲಿ ಹೋದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ನೆಲವನ್ನು ಕೈಗಾರಿಕೆಗಾಗಿ ತೆಗೆದುಕೊಳ್ಳುವ ಯೋಜನೆಯನ್ನು ವಿರೋಧಿಸಿ ರೈತರು ಧರಣಿ ಕೂತು ಆಗ ಮೂರು ವರ್ಷ ಮೀರಿತ್ತು. ಬಸ್ಸಿನಲ್ಲೆಲ್ಲ ಅದೇ ಮಾತು. ಪಕ್ಕದಲ್ಲಿ ಕೂತಿದ್ದ ವೃದ್ಧರೊಬ್ಬರು, “ಎಕರೆಗೆ ಎಷ್ಟು ಕೊಡ್ತೀವಿ ಅಂತ ಹೇಳೋಕೆ ಬರ್ತಾರೆ ಸ್ವಾಮಿ. ಕೊಡ್ತೀಯೇನಪ್ಪಾ ಅಂತ ಕೇಳೋಕೆ ಯಾರೂ ಬರಲಿಲ್ಲ,” ಎಂದರು. ನಾನು ಅವರ ಪಕ್ಷ ವಹಿಸಿ ನಾಲ್ಕು ಮಾತು ಬಿಸಿಯಾಗಿಯೇ ಆಡಿದೆ. ಹೊಸಕೋಟೆಯಲ್ಲಿ ಇಳಿದು ಮುಂಗಡ ಎಣಿಸಿ ಕೊಟ್ಟು, ರಸೀದಿ ಪಡೆದು, ಸಂಜೆ ಮನೆಗೆ ಬಂದೆ. ಅಮ್ಮನಿಗೆ ಏನೂ ಹೇಳಲಿಲ್ಲ.

ಅವಳಿಗೆ ವರ್ಗವಾದ ಸಂಗತಿ ಗೊತ್ತಿತ್ತು. ನಾನು ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆಂದು ಅವಳು ತಿಳಿದಿದ್ದಳು. ಹಾಗೆಂದೇ ತಿಳಿಯಲು ನಾನು ಬಿಟ್ಟಿದ್ದೆ. ಎಪ್ಪತ್ತೆಂಟರ ಮುದುಕಿ, ಮೊದಲೇ ಹೇಳಿದರೆ ಕೊರಗುತ್ತಾಳೆ, ಹೊರಡುವ ನಾಲ್ಕು ದಿನ ಮುಂಚೆ ಹೇಳಿದರೆ ಸಾಕು ಎಂದು ನನ್ನ ಲೆಕ್ಕ. ನನ್ನ ಮಡದಿ, “ಹೇಳಿಬಿಡಿ ಅಂದ್ರೆ,” ಎಂದು ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ.

ಉಳಿದ ಏರ್ಪಾಡೆಲ್ಲ ಅಚ್ಚುಕಟ್ಟಾಗಿ ನಡೆಯಿತು. ಒಂದು ನೋಟು ಪುಸ್ತಕ ಮಾಡಿದೆ. ಒಯ್ಯುವುದು, ಕೊಡುವುದು, ಮಾರುವುದು, ಬಿಸಾಡುವುದು ಎಂದು ನಾಲ್ಕು ಭಾಗ. ಗ್ಯಾಸು, ಪಡಿತರ ಚೀಟಿ, ಆಧಾರಿನ ವಿಳಾಸ, ಮತದಾರರ ಪಟ್ಟಿ, ಮಗಳ ಶಾಲೆಯ ಟಿ.ಸಿ. ಇವಕ್ಕೆ ಬೇರೆ ಪುಟ. ಲಾರಿಗೆ ಏರಿಸುವ ಕ್ರಮಕ್ಕೆ ಮತ್ತೊಂದು ಪುಟ. ಕೊನೆಗೆ ಏರಿಸಿದ್ದು ಮೊದಲು ಇಳಿಯುವುದರಿಂದ ಒಲೆ ಮತ್ತು ಹಾಲಿನ ಪಾತ್ರೆ ಕಡೆಯಲ್ಲಿ. ಪುಸ್ತಕಗಳನ್ನು ದೊಡ್ಡ ಪೆಟ್ಟಿಗೆಗೆ ತುಂಬಿದರೆ ಎತ್ತುವ ಕೂಲಿಯವನ ಸೊಂಟ ಮುರಿಯುತ್ತದೆಂದು ಚಿಕ್ಕ ಪೆಟ್ಟಿಗೆಗಳನ್ನೇ ಹುಡುಕಿ ತಂದೆ. ಕೂಲಿಯವನ ಸೊಂಟದ ಚಿಂತೆಯೂ ನನಗೆ ಇತ್ತು ಎಂಬುದನ್ನು ವಾಚಕರು ಗಮನಿಸಬೇಕು.

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಆ ಪುಸ್ತಕ ಅಮ್ಮನ ಕೈಯಲ್ಲಿತ್ತು. ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದಳು. ಸಾಗಿಸುವ ಪುಟದಲ್ಲಿ ‘ಫ್ರಿಜ್’ ಎಂದು ಬರೆದು, ಅದರ ಕೆಳಗೆ ‘ಅಮ್ಮ: ಕಾರಿನಲ್ಲಿ, ಮುಂದಿನ ಸೀಟು’ ಎಂದು ನಾನು ಬರೆದಿದ್ದೆ.

“ಫ್ರಿಜ್ ಆದಮೇಲೆ ನಾನೇನೋ?” ಎಂದಳು. ನಗುತ್ತಾಳೆಂದುಕೊಂಡೆ. ನಗಲಿಲ್ಲ. “ಮನೆ ಗೊತ್ತು ಮಾಡಿ ಎಷ್ಟು ದಿನ ಆಯ್ತು?”

“ಹನ್ನೆರಡು ದಿನ ಆಯ್ತಮ್ಮ.”

“ಹನ್ನೆರಡು ದಿನ ನಾನು ಈ ಮನೇಲಿ ಇರಲಿಲ್ವೇ?”

ನಿನಗೆ ನೋವಾಗಬಾರದೆಂದು ಹೇಳಲಿಲ್ಲ ಎಂದೆ. ಅವಳು ಪುಸ್ತಕವನ್ನು ಇದ್ದ ಜಾಗದಲ್ಲಿಟ್ಟು ಒಳಗೆ ಹೋದಳು. ಆ ರಾತ್ರಿ ನನ್ನ ಉತ್ತರವನ್ನು ನಾನೇ ತಿರುವಿ ಹಾಕಿ ನೋಡಿದೆ. ಅವಳ ನೋವನ್ನು ನಾನು ತಪ್ಪಿಸಿರಲಿಲ್ಲ. ಹನ್ನೆರಡು ದಿನ ಅದನ್ನು ನೋಡುವ ಕಷ್ಟವನ್ನು ನನಗೆ ತಪ್ಪಿಸಿಕೊಂಡಿದ್ದೆ. ಇನ್ನೊಬ್ಬರ ಒಳ್ಳೆಯದಕ್ಕಾಗಿ ಮುಚ್ಚಿಟ್ಟೆವೆಂದು ನಾವು ಹೇಳುವ ಸಂಗತಿಗಳಲ್ಲಿ ಎಷ್ಟು ಇಂಥವೋ! ಬಸ್ಸಿನ ಆ ವೃದ್ಧರ ಮಾತು ಆಗ ನೆನಪಾಯಿತು. ಯಾರನ್ನು ಬೈದು ಬಂದಿದ್ದೆನೋ ಅವರ ಕೆಲಸವನ್ನೇ ನಾನು ನನ್ನ ನಡುಮನೆಯಲ್ಲಿ ಮಾಡಿದ್ದೆ.

ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಸ್ವತ್ತನ್ನು ಸ್ಥಿರ, ಚರ ಎಂದು ಎರಡಾಗಿ ವಿಂಗಡಿಸುತ್ತಾರೆ. ಬಾಡಿಗೆದಾರನಿಗೆ ಸ್ಥಿರವೆಂಬುದೇ ಇಲ್ಲ, ಇರುವುದೆಲ್ಲ ಚರ, ಲಾರಿಗೆ ಏರಿಸಿದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಅಮ್ಮನ ಸ್ವತ್ತು ಯಾವುದು? ಅವಳ ಕಣ್ಣು ಮಂಜಾಗಿ ಐದಾರು ವರ್ಷವಾಗಿದೆ. ಆದರೂ ರಾತ್ರಿ ದೀಪವಿಲ್ಲದೆ ಬಚ್ಚಲಿಗೆ ಹೋಗಿಬರುತ್ತಾಳೆ. ಹೊಸ್ತಿಲು ಎಲ್ಲಿ, ಮೆಟ್ಟಿಲು ಎಷ್ಟು ಎಂದು ಅವಳ ಅಂಗಾಲಿಗೆ ಗೊತ್ತು. ಸಂಜೆಯಾದರೆ ಜಗಲಿಯ ಮೇಲೆ ಮನೆಯೊಡೆಯರ ತಾಯಿಯ ಜೊತೆ ಕೂರುತ್ತಾಳೆ. ಮಗ್ಗದ ಸದ್ದಿನಲ್ಲಿ ಬಾಳಿ ಆಕೆಗೆ ಕಿವಿ ಮಂದ. ಒಬ್ಬಳಿಗೆ ಕಾಣದು, ಒಬ್ಬಳಿಗೆ ಕೇಳದು. ಆದರೂ ಬೀದಿಯಲ್ಲಿ ಅವರಿಬ್ಬರಿಗೆ ತಿಳಿಯದೆ ಏನೂ ನಡೆಯುವುದಿಲ್ಲ. ಇದು ಯಾವ ಲಾರಿಗೆ ಏರುವ ಸಾಮಾನು? ನನ್ನ ಪಟ್ಟಿಯಲ್ಲಿ ಇದಕ್ಕೆ ಕಲಮೇ ಇರಲಿಲ್ಲ.

ಸರ್ಕಾರದ ಪಟ್ಟಿಗಳಲ್ಲಿಯೂ ಇರುವುದಿಲ್ಲ. ನೆಲ ಹೋಗುವವನಿಗೆ ಮರಕ್ಕೆ ಇಷ್ಟು, ಬಾವಿಗೆ ಇಷ್ಟು, ಗೋಡೆಗೆ ಇಷ್ಟು ಎಂದು ಬೆಲೆ ಕಟ್ಟುತ್ತಾರೆ. 1894ರ ಭೂಸ್ವಾಧೀನದ ಕಾಯಿದೆ ನೂರು ವರ್ಷಕ್ಕೂ ಮೀರಿ ಈ ಎಣಿಕೆಯಲ್ಲಿಯೇ ತೃಪ್ತವಾಗಿತ್ತು. ಅದರ ಸ್ಥಾನದಲ್ಲಿ ಬಂದ 2013ರ ಕಾಯಿದೆ ಒಂದು ಹೆಜ್ಜೆ ಮುಂದೆ ಹೋಗಿ, ಖಾಸಗಿ ಕಂಪನಿಗಾಗಿ ನೆಲ ತೆಗೆದುಕೊಳ್ಳುವಾಗ ಅದನ್ನು ಕಳೆದುಕೊಳ್ಳುವ ಕುಟುಂಬಗಳಲ್ಲಿ ಶೇಕಡ 80ರ ಒಪ್ಪಿಗೆ ಬೇಕೆಂದು ವಿಧಿಸಿತು. ಆದರೆ ನಮ್ಮ ರಾಜ್ಯದ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಲ್ಲಿ ಇಂಥ ಒಪ್ಪಿಗೆಯ ವಿಧಿ ಇಲ್ಲ. ದೇವನಹಳ್ಳಿಯ ನೆಲಕ್ಕೆ ಕೈ ಹಾಕಿದ್ದು ಅದರ ಮೂಲಕವೇ. ಕೇಳದೆ ಎಬ್ಬಿಸಿದ ಜನರ ಲೆಕ್ಕ ಬೇಗ ಮುಗಿಯುವುದೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನಾಡಿಗೆಲ್ಲ ದೀಪ ಬಂತು. ಶರಾವತಿಯ ನೀರಿಗೆ ಮನೆ ಬಿಟ್ಟುಕೊಟ್ಟವರ ಕುಟುಂಬಗಳು ಆರು ದಶಕಗಳ ಅನಂತರವೂ ತಾವು ಕೂತ ನೆಲದ ಹಕ್ಕುಪತ್ರಕ್ಕಾಗಿ ಹೋರಾಡುತ್ತಲೇ ಇವೆ.

ಇದಕ್ಕೆ ಪ್ರತಿಯಾಗಿ ಹೇಳುವ ಮಾತೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಎಲ್ಲರನ್ನೂ ಕೇಳುತ್ತ ಕೂತರೆ ಯಾವ ಕೆಲಸ ತಾನೆ ನಡೆದೀತು? ಶರಾವತಿಯ ವಿದ್ಯುತ್ತನ್ನು ನಾನೂ ಉರಿಸಿದ್ದೇನೆ. ದೇವನಹಳ್ಳಿಯಲ್ಲಿ 2008ರ ಮೇ 24ರಂದು ಆರಂಭವಾದ ವಿಮಾನ ನಿಲ್ದಾಣದಿಂದ ನಾನೂ ಹಾರಿದ್ದೇನೆ. ಆ ನೆಲದಲ್ಲಿಯೂ ಹಿಂದೆ ಯಾರೋ ರಾಗಿ ಬೆಳೆದಿದ್ದರು. ಅಮ್ಮ ಒಲ್ಲೆನೆಂದ ಮಾತ್ರಕ್ಕೆ ನನ್ನ ವರ್ಗಾವಣೆ ರದ್ದಾಗುವುದಿಲ್ಲ. ಹಾಗಾದರೆ ಕೇಳುವುದೆಂದರೇನು? ಉತ್ತರ ಮೊದಲೇ ನಿಶ್ಚಯವಾಗಿರುವ ಪ್ರಶ್ನೆಯನ್ನು ಕೇಳುವುದು ಬರಿಯ ಉಪಚಾರವಾಗದೆ?

ಆಗುವುದಿಲ್ಲ ಎಂದು ನನಗೆ ಈಗ ತೋರುತ್ತದೆ. ಹೋಗುವುದೋ ಬಿಡುವುದೋ ಎಂಬುದು ಒಂದು ಪ್ರಶ್ನೆ. ಯಾವಾಗ, ಹೇಗೆ, ಏನನ್ನು ತೀರಿಸಿಕೊಂಡು ಎಂಬುದು ಇನ್ನೊಂದು. ಮೊದಲನೆಯದು ಕೈಯಲ್ಲಿಲ್ಲದಾಗಲೂ ಎರಡನೆಯದು ಇರುತ್ತದೆ. ಅದನ್ನೂ ಕಸಿದುಕೊಂಡರೆ ಮನುಷ್ಯ ಮನೆ ಬದಲಾಯಿಸಿದಂತಾಗುವುದಿಲ್ಲ, ಅವನನ್ನು ಸಾಗಿಸಿದಂತಾಗುತ್ತದೆ. ಇನ್ನು ಮೊದಲನೆಯದು ನಿಜವಾಗಿ ಕೈಯಲ್ಲಿದ್ದವರ ಮಾತು ಹೇಳುವುದೇ ಬೇಡ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಚನ್ನರಾಯಪಟ್ಟಣ ಹೋಬಳಿಯ ಸ್ವಾಧೀನವನ್ನು ಕೈಬಿಟ್ಟೆವೆಂದು, ಸ್ವಇಚ್ಛೆಯಿಂದ ಕೊಡುವವರ ನೆಲವನ್ನು ಮಾತ್ರ ಕೊಳ್ಳುತ್ತೇವೆಂದು ಸಾರಿದರು. ಕೊನೆಯಲ್ಲಿ ಹೇಳಿದ ಈ ಮಾತನ್ನು ಮೊದಲಲ್ಲಿ ಹೇಳಿದ್ದರೆ ಆ ಜನ ಮೂರು ವರ್ಷ ಬಿಸಿಲಲ್ಲಿ ಕೂರಬೇಕಾಗುತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ನಾನು ಅಮ್ಮನ ಹತ್ತಿರ ಕೂತು, ಯಾವಾಗ ಹೋಗೋಣ ಎಂದು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿದಳು. ಆಷಾಢ ಕಳೆಯಲಿ ಎಂದಳು. ಹೋಗುವ ಮುನ್ನ ಆ ಮನೆಯನ್ನು ಒಮ್ಮೆ ನೋಡಬೇಕು ಎಂದಳು. ಒಂದು ತಿಂಗಳು ಎರಡು ಕಡೆ ಬಾಡಿಗೆ ಬಿತ್ತು. ಮೇಷ್ಟರ ಸಂಬಳಕ್ಕೆ ಅದು ಹಗುರವಾದ ಹೊರೆಯೇನೂ ಅಲ್ಲ. ದಿನವೂ ಬಸ್ಸಿನಲ್ಲಿ ಹೋಗಿಬಂದೆ. ಎರಡು ಭಾನುವಾರ ಅಮ್ಮನನ್ನು ಹೊಸಕೋಟೆಗೆ ಕರೆದೊಯ್ದೆ. ಖಾಲಿ ಮನೆಯಲ್ಲಿ ಅವಳು ಗೋಡೆ ಹಿಡಿದು ಕೋಣೆಯಿಂದ ಕೋಣೆಗೆ ನಡೆದಳು. ಬಚ್ಚಲ ಮೆಟ್ಟಿಲನ್ನು ಕಾಲಿನಿಂದ ಅಳೆದಳು. ನಾನು ಅವಳಿಗೆಂದು ಗೊತ್ತು ಮಾಡಿದ್ದ ಗಾಳಿ ಬೆಳಕಿನ ಕೋಣೆಯನ್ನು ಬಿಟ್ಟು ಬಚ್ಚಲಿಗೆ ಹತ್ತಿರದ ಚಿಕ್ಕ ಕೋಣೆಯನ್ನು ತನಗೆ ಆರಿಸಿಕೊಂಡಳು. ಕೇಳದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಶ್ರಾವಣದಲ್ಲಿ ಹೊರಟೆವು. ಹಳೆಯ ಪೊರಕೆಯನ್ನು ಒಯ್ಯಬಾರದೆಂಬುದು ನಮ್ಮಲ್ಲಿ ರೂಢಿ. ಅದರಿಂದಲೇ ಅಮ್ಮ ಕಡೆಯ ಸಲ ಮನೆ ಗುಡಿಸಿ ಅದನ್ನು ಮೂಲೆಗೆ ಒರಗಿಸಿದಳು. ಅಷ್ಟಾದರೂ ಎಲ್ಲ ಲೆಕ್ಕವೂ ಚುಕ್ತಾ ಆಯಿತೆಂದು ನಾನು ಹೇಳಲಾರೆ. ಹೊಸಕೋಟೆಯ ಮನೆಗೆ ಜಗಲಿಯಿಲ್ಲ. ಕಿವಿ ಕೇಳದ ಗೆಳತಿಯೊಡನೆ ದೂರವಾಣಿಯಲ್ಲಿ ಮಾತಾಡುವಂತೆಯೂ ಇಲ್ಲ. ಸಂಜೆ ಐದಾದರೆ ಅಮ್ಮ ಬಾಗಿಲಿನ ಕಡೆ ಮುಖ ಮಾಡಿ ಕೂರುತ್ತಾಳೆ. ಈ ಬಾಕಿ ನನ್ನ ಹೆಸರಿನಲ್ಲಿ ಉಳಿದಿದೆ. ತಿಂಗಳಿಗೊಂದು ಸಲ ಅವಳನ್ನು ದೊಡ್ಡಬಳ್ಳಾಪುರಕ್ಕೆ ಕರೆದೊಯ್ದು ಬಡ್ಡಿಯನ್ನಷ್ಟು ಕಟ್ಟುತ್ತಿದ್ದೇನೆ.