33 ಇಂಚಿನ ಆಸೆ

ಯಾರಿಗೂ ತೊಂದರೆ ಕೊಡದ ಆಸೆಗೆ ಕಾರಣ ಕೇಳಬಾರದು ಅನ್ನೋದು ನನ್ನ ಹಳೆಯ ನಂಬಿಕೆ. ಒಬ್ಬನಿಗೆ 40 ಸಾವಿರದ ವಾಚು ಬೇಕು, ಇನ್ನೊಬ್ಬಳಿಗೆ ಟಕಟಕ ಅನ್ನೋ ಮೆಕ್ಯಾನಿಕಲ್ ಕೀಬೋರ್ಡ್ ಬೇಕು. ನಮ್ಮ ಆಫೀಸಿನಲ್ಲಿ ಕಾಫಿ ಬೀಜ ಪುಡಿ ಮಾಡುವ ಮಷಿನ್ನಿಗೆ ಇಎಂಐ ಕಟ್ಟುವವರಿದ್ದಾರೆ. ಕಟ್ಟಲಿ ಬಿಡಿ. ಹಳ್ಳಿಯಿಂದ ಬಂದು, ಬಿಇ ಮುಗಿಸಿ, ಕೆಲಸ ಹಿಡಿದ ನಮ್ಮಂಥವರಿಗೆ "ಇದೆಲ್ಲಾ ಯಾಕ್ ಬೇಕಿತ್ತಪ್ಪ ನಿಂಗೆ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಅದನ್ನೇ ತಿರುಗಿ ಇನ್ನೊಬ್ಬರಿಗೆ ಹೇಳೋಕೆ ನನಗೆ ಮನಸ್ಸು ಬರಲ್ಲ.

ಹಾಗಿದ್ದೂ ಮೂರು ತಿಂಗಳಿಂದ ನನ್ನದೇ ಒಂದು ಆಸೆಗೆ ಕಾರಣ ಕೇಳುತ್ತಾ ಕೂತಿದ್ದೇನೆ. ನನ್ನ ಥಾರ್‌ಗೆ ಲಿಫ್ಟ್ ಮಾಡಿಸಿ 33 ಇಂಚಿನ ಟೈರು ಹಾಕಿಸಲಾ, ಬೇಡವಾ?

ಈ ಲೋಕದ ಪರಿಚಯ ಇಲ್ಲದವರಿಗೆ ಸ್ವಲ್ಪ ಲೆಕ್ಕ ಹೇಳಿಬಿಡುತ್ತೇನೆ. ನನ್ನ ಗಾಡಿಗೆ ಕಂಪನಿ ಕೊಟ್ಟಿರೋ ಟೈರಿನ ಮೇಲೆ 255/65 ಆರ್18 ಅಂತ ಇರುತ್ತೆ. 255 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65. 18 ಅಂದರೆ ರಿಮ್ಮಿನ ವ್ಯಾಸ, ಇದು ಮಾತ್ರ ಇಂಚಿನಲ್ಲಿ. (ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಬೆರೆಸಿದ ಪುಣ್ಯಾತ್ಮ ನಮ್ಮ ಟೀಮಿನಲ್ಲಿದ್ದಿದ್ದರೆ ಕೋಡ್ ರಿವ್ಯೂನಲ್ಲಿ ವಾಪಸ್ ಕಳಿಸುತ್ತಿದ್ದೆ.) ಎಲ್ಲಾ ಕೂಡಿದರೆ ಟೈರಿನ ಒಟ್ಟು ವ್ಯಾಸ ಸುಮಾರು 789 ಮಿ.ಮೀ., ಅಂದರೆ 31 ಇಂಚು. ಅಂಗಡಿಯವನು ತೋರಿಸಿದ್ದು 285/70 ಆರ್17. ರಿಮ್ಮು ಒಂದು ಇಂಚು ಚಿಕ್ಕದು, ಆದರೆ ರಬ್ಬರು ದಪ್ಪ, ವ್ಯಾಸ 831 ಮಿ.ಮೀ. ಹತ್ತಿರ. ಬಾಯಿಮಾತಿನಲ್ಲಿ ಇದೇ "33". ಸುಮ್ಮನೆ ಹಾಕಿದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆಲ್ಲೋ ಉಜ್ಜುತ್ತೆ. ಅದಕ್ಕೇ ಎರಡು ಇಂಚಿನ ಲಿಫ್ಟ್ ಕಿಟ್. ಎಲ್ಲಾ ಸೇರಿಸಿ ಅವನು ಹೇಳಿದ ಮೊತ್ತ ಎರಡು ಲಕ್ಷ ದಾಟಿತು.

ಎರಡು ಲಕ್ಷಕ್ಕೆ ಸಿಗೋದೇನು? ಇಲ್ಲಿ ಒಂದು ತಮಾಷೆ ಇದೆ. ಲಿಫ್ಟ್ ಕಿಟ್ ಎತ್ತೋದು ಬಾಡಿಯನ್ನು ಮಾತ್ರ. ಹಿಂದಿನ ಎರಡು ಗಾಲಿಯ ನಡುವೆ ಇರುವ ಡಿಫರೆನ್ಷಿಯಲ್‌ನ ಗುಂಡು, ಅಂದರೆ ಕಲ್ಲಿಗೆ ಮೊದಲು ಬಡಿಯೋ ಭಾಗ, ಒಂದು ಕೂದಲಿನಷ್ಟೂ ಮೇಲೇಳಲ್ಲ. ಅದನ್ನು ಎತ್ತೋದು ಟೈರು ಮಾತ್ರ, ಅದೂ ವ್ಯಾಸ ಹೆಚ್ಚಾದದ್ದರ ಅರ್ಧದಷ್ಟು. 831ರಲ್ಲಿ 789 ಕಳೆದು ಎರಡರಿಂದ ಭಾಗಿಸಿ: 21 ಮಿ.ಮೀ. ಎರಡು ಲಕ್ಷಕ್ಕೆ ಎರಡು ಸೆಂಟಿಮೀಟರು! ಮರಳಲ್ಲೋ ಕೆಸರಲ್ಲೋ ಸಿಕ್ಕಿಕೊಂಡಾಗ ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಅದು ನೆಲಕ್ಕೆ ಉದ್ದವಾಗಿ ಹರಡಿಕೊಂಡು ಹಿಡಿತ ತಾನಾಗೇ ಹೆಚ್ಚುತ್ತೆ. ಗಾಳಿ ಬಿಡೋಕೆ ದುಡ್ಡು ಬೇಡ. ಐಸ್‌ಲ್ಯಾಂಡಿನಲ್ಲಿ 38, 44 ಇಂಚಿನ ಟೈರುಗಳ ಜೀಪುಗಳಿವೆ. ಅವುಗಳಲ್ಲಿ ಹಿಮದ ಮೇಲೆ ಹೋಗುವವರೂ ಗಾಳಿಯನ್ನು ಕೆಲವೇ ಪಿಎಸ್‌ಐಗೆ ಇಳಿಸಿಕೊಂಡೇ ಹೋಗೋದು. ಅವರಿಗೆ ಹಿಮನದಿ ದಾಟಬೇಕು. ನಾನು ದಾಟಬೇಕಿರೋದು ಹಿನಕಲ್ ಫ್ಲೈಓವರ್.

ನನ್ನ ಓಡಾಟ ಇಷ್ಟೇ: ಕುವೆಂಪುನಗರದಿಂದ ಹೆಬ್ಬಾಳದ ಆಫೀಸಿಗೆ ರಿಂಗ್ ರೋಡಿನಲ್ಲಿ. ತಿಂಗಳಿಗೆ ಎರಡು ಸಲ ಇಲವಾಲದ ಮೇಲೆ ಕೆ.ಆರ್. ನಗರ ತಾಲ್ಲೂಕಿನ ನಮ್ಮೂರಿಗೆ. ಊರಿನ ಕೊನೆಯ ಒಂದೂವರೆ ಕಿಲೋಮೀಟರು ನಾಲೆ ಏರಿ, ಮಳೆಗಾಲದಲ್ಲಿ ಜಾರುತ್ತೆ. ಅದನ್ನು ನಮ್ಮ ಚಿಕ್ಕಪ್ಪ ಹಳೇ ಸ್ಪ್ಲೆಂಡರಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ದಿನಾ ದಾಟುತ್ತಾರೆ.

ಅಂದರೆ ಅಗತ್ಯ ಅಂತೂ ಇಲ್ಲ. ಆದರೆ ಅಗತ್ಯ ಇಲ್ಲ ಅಂದಮಾತ್ರಕ್ಕೆ ತಪ್ಪು ಅನ್ನೋ ವಾದವನ್ನು ನಾನು ಒಪ್ಪಲ್ಲ. ನಮ್ಮ ಕಡೆಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿ ಆಸುಪಾಸಿಗೆ ದನಗಳ ಜಾತ್ರೆ ನಡೆಯುತ್ತೆ. ಅಲ್ಲಿಗೆ ಬರುವ ಹಳ್ಳಿಕಾರ್ ಜೋಡಿಗಳನ್ನು ನೋಡಿ. ಕೊಂಬಿಗೆ ಬಣ್ಣ, ಕಳಸ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲು. ಕೆಲವರು ಆ ಜೋಡಿಯನ್ನು ಉಳೋಕೆ ಕಟ್ಟೋದೇ ಇಲ್ಲ, ಹುರುಳಿ ಬೇಯಿಸಿ ಹಾಕಿ ಸಾಕೋದು ನಾಲ್ಕು ಜನ ನಿಂತು ನೋಡಲಿ ಅಂತಲೇ. ಅದನ್ನು ಅಹಂಕಾರ ಅನ್ನೋರು ಅನ್ನಲಿ. ವರ್ಷವೆಲ್ಲಾ ಕೆಸರಿನಲ್ಲಿರೋ ಮನುಷ್ಯನಿಗೆ ಒಂದು ವಾರ ಹೆಮ್ಮೆಪಡೋಕೆ ಹಕ್ಕಿಲ್ವಾ? ಕಂಚಿನ ಬಣ್ಣದ ಅಲಾಯ್ ವೀಲ್ ಹಾಕಿಸಿಕೊಳ್ಳೋದು ನನಗೆ ಕೊಂಬಿಗೆ ಬಣ್ಣ ಬಳಿದ ಹಾಗೆಯೇ ಕಾಣುತ್ತೆ. ಖರ್ಚು ನನ್ನದು, ಖುಷಿ ನನ್ನದು.

ಹಾಗಾದರೆ ಟೈರಿನ ವಿಷಯದಲ್ಲಿ ಚುಚ್ಚುತ್ತಿರೋದೇನು? ಎತ್ತರ. ಸ್ವಲ್ಪ ನಿಧಾನವಾಗಿ ಹೇಳಬೇಕಾದ ಮಾತಿದು.

ನಮ್ಮಪ್ಪ ಹದಿನೈದು ವರ್ಷ ಟಿವಿಎಸ್ ಓಡಿಸಿದರು. ಹಿಂದೆ ನಾನು, ಮುಂದೆ ಒಂದು ಮೂಟೆ. ಹಿಂದಿನಿಂದ ಲಾರಿಯೋ ಬಸ್ಸೋ ಹಾರ್ನ್ ಹೊಡೆದರೆ ಅಪ್ಪ ಕನ್ನಡಿ ನೋಡುತ್ತಿರಲಿಲ್ಲ (ಕನ್ನಡಿ ಇರಲೂ ಇಲ್ಲ), ಸೀದಾ ಟಾರು ಬಿಟ್ಟು ಮಣ್ಣಿಗೆ ಇಳಿಯುತ್ತಿದ್ದರು. ಅದರಲ್ಲಿ ಸಿಟ್ಟಿಲ್ಲ, ಅವಮಾನವಿಲ್ಲ, ರಸ್ತೆಯ ನಿಯಮವೇ ಅದು ಎಂಬಂತೆ. ಅವರಿಗೆ ಅವಮಾನ ಅನ್ನಿಸಲಿಲ್ಲ, ಹಿಂದೆ ಕೂತಿದ್ದ ನನಗೆ ಅನ್ನಿಸಿತು. ಮೊದಲ ಸಲ ಥಾರ್ ಸೀಟಿನಲ್ಲಿ ಕೂತು ಅದೇ ರಸ್ತೆಯಲ್ಲಿ ಊರಿಗೆ ಹೋದಾಗ ಮುಂದಿನ ಬೈಕುಗಳು ತಾವಾಗೇ ಪಕ್ಕಕ್ಕೆ ಸರಿದವು. ಹಾರ್ನ್ ಕೂಡ ಹೊಡೆದಿರಲಿಲ್ಲ. ಆ ಕ್ಷಣದ ಸುಖ ಎಂಥದ್ದು ಅಂತ, ಟಾರಿನಿಂದ ಮಣ್ಣಿಗೆ ಇಳಿದು ಬೆಳೆದವರಿಗೆ ಹೇಳಬೇಕಾಗಿಲ್ಲ. ಇನ್ನೂ ಎರಡು ಇಂಚು ಬೇಕು ಅನ್ನೋ ಆಸೆ ಹುಟ್ಟಿದ್ದು ಅಲ್ಲೇ ಅಂತ ನನ್ನ ಅನುಮಾನ. ಕಲ್ಲಿಗೂ ಕೆಸರಿಗೂ ಅದಕ್ಕೂ ಸಂಬಂಧವಿಲ್ಲ.

ಆದರೆ ಸರಿದ ಆ ಬೈಕುಗಳ ಮೇಲೆ ಇದ್ದವರು ಯಾರು? ಲಾರಿ ಡ್ರೈವರುಗಳಂತೂ ಅಲ್ಲ.

ಭಾವನೆಯ ಮಾತು ಪಕ್ಕಕ್ಕಿಟ್ಟು ಮತ್ತೆ ಲೆಕ್ಕಕ್ಕೆ ಬರೋಣ. ಗಾಡಿಯ ಮೀಟರು ಗಾಲಿಯ ಸುತ್ತುಗಳನ್ನು ಎಣಿಸುತ್ತೆ ಅಷ್ಟೇ, ಗಾಲಿ ದೊಡ್ಡದಾಗಿರೋದು ಅದಕ್ಕೆ ಗೊತ್ತಿಲ್ಲ. 33 ಹಾಕಿದ ಮೇಲೆ ಮೀಟರು 80 ತೋರಿಸುವಾಗ ನನ್ನ ವೇಗ ಮೊದಲು ಆ 80ಕ್ಕೆ ಇರುತ್ತಿದ್ದದ್ದಕ್ಕಿಂತ ಶೇ. 5ರಷ್ಟು ಜಾಸ್ತಿ. (ಮೀಟರುಗಳು ಮೊದಲೇ ಸ್ವಲ್ಪ ಹೆಚ್ಚು ತೋರಿಸುತ್ತವೆ, ಸರಿಹೋಗುತ್ತೆ ಬಿಡು ಅನ್ನೋರಿದ್ದಾರೆ. ಆ ಉಳಿಕೆ ಇಟ್ಟಿರೋದು ಸುರಕ್ಷತೆಗೆ, ನಾವು ತಿಂದುಹಾಕಲಿ ಅಂತಲ್ಲ.) ವೇಗ ಶೇ. 5 ಹೆಚ್ಚಾದರೆ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ಶೇ. 10ಕ್ಕಿಂತ ಹೆಚ್ಚುತ್ತೆ. ಬ್ರೇಕು ಮಾತ್ರ ಹಳೆಯದೇ, ಮತ್ತು ಗಾಲಿ ದೊಡ್ಡದಾದಷ್ಟೂ ಅದೇ ಪೆಡಲ್ ಒತ್ತಡಕ್ಕೆ ನೆಲದ ಮೇಲಿನ ಹಿಡಿತ ಕಮ್ಮಿ. ಟೈರು ಭಾರವೂ ಹೌದು. ಇನ್ನು ರಿಮ್ಮಿನ ಆಫ್‌ಸೆಟ್ ಕಡಿಮೆ ಮಾಡಿ ಗಾಲಿಯನ್ನು ಫೆಂಡರಿನಿಂದ ಆಚೆಗೆ ತಂದರೆ ಫೋಟೋದಲ್ಲಿ ಗಾಡಿ ಎದೆ ಉಬ್ಬಿಸಿ ನಿಂತ ಹಾಗೆ ಕಾಣುತ್ತೆ. ರಸ್ತೆಯಲ್ಲಿ ಅದರಿಂದ ಹಾರುವ ಕಲ್ಲು, ರಾಡಿ ಪಕ್ಕದ ಸ್ಕೂಟರಿನವಳ ಮುಖಕ್ಕೆ.

ಬಾನೆಟ್ಟಿನ ಎತ್ತರದ್ದು ಇನ್ನೂ ಗಂಭೀರ. ಅಮೆರಿಕದ ಹೈವೇ ಸುರಕ್ಷತಾ ವಿಮಾ ಸಂಸ್ಥೆ, ಐಐಎಚ್‌ಎಸ್, 2023ರಲ್ಲಿ ಸುಮಾರು 18 ಸಾವಿರ ಪಾದಚಾರಿ ಅಪಘಾತಗಳನ್ನು ಅಧ್ಯಯನ ಮಾಡಿತು. ಬಾನೆಟ್ಟು 30 ಇಂಚಿಗಿಂತ ತಗ್ಗಾಗಿ, ಮುಂದಕ್ಕೆ ಇಳಿಜಾರಾಗಿರೋ ವಾಹನಕ್ಕೆ ಹೋಲಿಸಿದರೆ 40 ಇಂಚಿಗಿಂತ ಎತ್ತರದ ಬಾನೆಟ್ಟಿನ ವಾಹನ ಬಡಿದಾಗ ಪಾದಚಾರಿ ಸಾಯುವ ಸಂಭವ ಸುಮಾರು ಶೇ. 45 ಹೆಚ್ಚು. ಕಾರಣ ಸರಳ: ತಗ್ಗಿನ ಕಾರು ಕಾಲಿಗೆ ಬಡಿದು ಮನುಷ್ಯನನ್ನು ಬಾನೆಟ್ ಮೇಲೆ ಕೆಡವುತ್ತೆ, ಎತ್ತರದ್ದು ಎದೆಗೋ ತಲೆಗೋ ಬಡಿದು ಕೆಳಕ್ಕೆ ಕೆಡವುತ್ತೆ. ಸರಸ್ವತಿಪುರಂ ಕ್ರಾಸುಗಳಲ್ಲಿ ಶಾಲೆ ಬಿಡೋ ಹೊತ್ತಿಗೆ ಗಾಡಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಪ್ರತಿ ಬದಲಾವಣೆಗೆ 5 ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆಯೂ ಆಗಬಹುದು. ಅಂಗಡಿಯವನಿಗೆ ಇದನ್ನು ಹೇಳಿದರೆ, "ಸಾರ್, ಮೈಸೂರಲ್ಲಿ ಯಾರ್ ಹಿಡೀತಾರೆ?" ಅಂದ. ನಿಜ, ಹಿಡಿಯಲ್ಲ. ಅದಕ್ಕೇ ಇದು ಕಾನೂನಿನ ಪ್ರಶ್ನೆಯಾಗಿ ಉಳಿಯದೆ ನನ್ನ ತಲೆ ತಿನ್ನೋ ಪ್ರಶ್ನೆಯಾಗಿರೋದು.

ನಮ್ಮ ಕಡೆ ಭತ್ತದ ನಾಟಿಗೆ ಮೊದಲು ಗದ್ದೆ ಕೆಸರು ಮಾಡೋಕೆ ಟ್ರ್ಯಾಕ್ಟರಿಗೆ ಕೇಜ್‌ವೀಲ್ ಹಾಕುತ್ತಾರೆ. ಕಬ್ಬಿಣದ ಪಟ್ಟಿಗಳ ಪಂಜರದಂಥ ಗಾಲಿ. ಕೆಸರಿನಲ್ಲಿ ಅದಕ್ಕಿಂತ ಒಳ್ಳೆ ಗಾಲಿ ಇಲ್ಲ. ಅದನ್ನೇ ಟಾರಿನ ಮೇಲೆ ಓಡಿಸಿದರೆ ಹೊಸ ರಸ್ತೆ ವಾರದಲ್ಲಿ ಎದ್ದುಹೋಗುತ್ತೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುವಾಗ ಬಿಚ್ಚಿ ಮತ್ತೆ ಹಾಕಬೇಕು, ಅರ್ಧ ಗಂಟೆ ಕೆಲಸ. ಬಿಚ್ಚದೆ ಹೋಗೋ ಡ್ರೈವರನ್ನು ಊರಿನವರು ಅಡ್ಡ ಹಾಕಿ ಬೈಯೋದನ್ನು ನೋಡಿ ಬೆಳೆದವನು ನಾನು. "ಗದ್ದೆ ನಿಂದು, ರೋಡ್ ನಿಮ್ಮಪ್ಪಂದಾ?" ಅನ್ನೋದು ಅಲ್ಲಿನ ಮಾಮೂಲಿ ಬೈಗುಳ.

ಅದಕ್ಕೂ ಹಳೆಯದು ಎತ್ತಿನ ಗಾಡಿ. ಮರದ ಗಾಲಿ ದೊಡ್ಡದಾದಷ್ಟೂ ಹಳ್ಳಕೊಳ್ಳ ಸಲೀಸು, ಎಳೆಯೋದೂ ಹಗುರ. ಹಾಗಂತ ಬೇಕಾದಷ್ಟು ದೊಡ್ಡದು ಮಾಡಿಸುವಂತಿರಲಿಲ್ಲ. ಗಾಲಿ ಎತ್ತರವಾಗಿಬಿಟ್ಟರೆ ಮೂಕಿ ಮುಂದಕ್ಕೆ ಇಳಿದು ಭಾರವೆಲ್ಲಾ ಎತ್ತಿನ ಹೆಗಲಿಗೆ. ತೀರಾ ತಗ್ಗಾದರೆ ಗಾಡಿ ಹಿಂದಕ್ಕೆ ವಾಲಿ ನೊಗ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತೆ. ಆದ್ದರಿಂದ ಗಾಲಿಯ ಅಳತೆ ತೆಗೆಯುವಾಗ ಎತ್ತಿನ ಹೆಗಲನ್ನೂ ನೋಡುತ್ತಿದ್ದರು. ಗಾಡಿಯಲ್ಲಿ ಕೂರೋನ ಇಷ್ಟ ಕೇಳಿದ್ದನ್ನು ನಾನಂತೂ ಕಾಣೆ. ನನ್ನ 33 ಇಂಚಿನ ಭಾರ ಯಾರ ಹೆಗಲ ಮೇಲೆ ಇಳಿಯುತ್ತೋ ಅವರು ನನ್ನ ಗಾಡಿಗೆ ಕಟ್ಟಿದವರಲ್ಲ, ಸುಮ್ಮನೆ ಅದೇ ರಸ್ತೆಯಲ್ಲಿ ಹೋಗುತ್ತಿರೋರು. ಅಳತೆಗೆ ಅವರನ್ನು ಕರೆಸೋ ಕ್ರಮ ಇಲ್ಲ.

ನಮ್ಮ ಟೀಮಿನ ಹುಡುಗನೊಬ್ಬ ಹೋದ ವರ್ಷವೇ 33 ಹಾಕಿಸಿದ್ದಾನೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಇಷ್ಟನ್ನೂ ಹೇಳಿದೆ. ಅವನು ಮೊಸರನ್ನ ಕಲೆಸುತ್ತಾ, "ಗುರು, ಥಾರ್ ತಗೊಳ್ಳುವಾಗ ಈ ಎತ್ತುಗಳು ಎಲ್ಲಿದ್ವು? ಸ್ವಿಫ್ಟ್ ತಗೋಬೋದಿತ್ತಲ್ಲ. ಎತ್ತರದ ಗಾಡಿ ಓಕೆ, ಅದರ ಮೇಲೆ ಎರಡಿಂಚು ಪಾಪ. ಗೆರೆ ಎಲ್ಲಿ ಎಳೆದೆ, ಯಾಕೆ ಅಲ್ಲೇ ಎಳೆದೆ?" ಅಂದ.

ಒಳ್ಳೆ ಪ್ರಶ್ನೆ. ನನ್ನ ಹತ್ತಿರ ಇರೋ ಉತ್ತರ ಅರ್ಧ ಮಾತ್ರ. ಕಂಪನಿ ಆ ಗಾಡಿಯನ್ನು ಆ ಗಾಲಿ, ಆ ಬ್ರೇಕು, ಆ ಎತ್ತರದಲ್ಲಿ ಪರೀಕ್ಷೆ ಮಾಡಿಸಿದೆ. ಅಪಾಯ ಅಲ್ಲೂ ಇದೆ, ಆದರೆ ಯಾರೋ ಅಳೆದಿದ್ದಾರೆ, ಸಮಾಜ ಒಪ್ಪಿಕೊಂಡಿದೆ, ಆ ಒಪ್ಪಿಗೆ ತಪ್ಪು ಅನ್ನಿಸಿದರೆ ಎಲ್ಲರೂ ಸೇರಿ ಜಗಳ ಆಡಬಹುದು. ಅದರಾಚೆ ನಾನು ಸೇರಿಸೋ ಪ್ರತಿ ಇಂಚೂ ಯಾರೂ ಅಳೆಯದ್ದು, ನಾನೊಬ್ಬನೇ ನಿರ್ಧರಿಸಿದ್ದು, ನನ್ನ ಖುಷಿಗಲ್ಲದೆ ಬೇರೆ ಯಾವ ಲೆಕ್ಕಕ್ಕೂ ಬಾರದ್ದು. ಗೆರೆ ಸರಿಯಾದ ಜಾಗದಲ್ಲೇ ಇದೆ ಅಂತ ಹೇಳಲಾರೆ. ಗೆರೆ ಎಳೆಯೋ ಕೈ ಆಸೆ ಇರೋನದ್ದೇ ಆಗಿರಬಾರದು ಅಂತ ಮಾತ್ರ ಹೇಳಬಲ್ಲೆ. ಅವನಿಗೆ ಇದು ಸಾಲಲಿಲ್ಲ. "ಹಂಗಾದ್ರೆ ಕಂಪನಿ ನಾಳೆ 33 ಹಾಕಿ ಮಾರಿದ್ರೆ ತಗೋತೀಯಾ?" ಅಂದ. ಸ್ವಲ್ಪ ಹೊತ್ತು ಯೋಚಿಸಿದೆ. ತಗೊಳ್ಳಲ್ಲ ಅನ್ನಿಸಿತು, ಆದರೆ ಗೆರೆಯ ವಾದ ಅದಕ್ಕೆ ಕಾರಣವಲ್ಲ. ನಮ್ಮವ್ವ ಈಗಲೇ ಮೆಟ್ಟಿಲು ಹಿಡಿದು ಮಂಡಿ ಒತ್ತಿಕೊಂಡು ಹತ್ತುತ್ತಾಳೆ.

ಈಗಿನ ಟೈರು 48 ಸಾವಿರ ಕಿಲೋಮೀಟರು ಓಡಿದೆ, ಬದಲಾಯಿಸಲೇಬೇಕು. ಮೇಟಗಳ್ಳಿ ಕಡೆಯಿಂದ ಬರುವಾಗ ಕೆಆರ್‌ಎಸ್ ರಸ್ತೆಯ ಟೈರು ಫ್ಯಾಕ್ಟರಿ ಸಿಗುತ್ತೆ. 1997ರಲ್ಲಿ ಜೆಕೆ ಟೈರಿನವರ ಕೈಗೆ ಹೋದರೂ ಊರಿನವರ ಬಾಯಲ್ಲಿ ಅದು ಈಗಲೂ ವಿಕ್ರಾಂತ್. ಟೈರು ಮಾಡೋ ಊರಿನಲ್ಲಿ ಇದ್ದುಕೊಂಡು ಒಂದು ಟೈರು ಆರಿಸೋಕೆ ಮೂರು ತಿಂಗಳು ತಗೊಂಡೆ ಅಂತ ಹೆಂಡತಿ ನಗುತ್ತಾಳೆ. ಮೊನ್ನೆ ಅಂಗಡಿಗೆ ಫೋನ್ ಮಾಡಿ 255/65 ಆರ್18, ಆಲ್ ಟೆರೇನ್, ನಾಲ್ಕು ಅಂದೆ. ಕಂಚಿನ ಬಣ್ಣದ್ದು ಅಲಾಯ್ ಅದೇ ಅಳತೆ, ಅದೇ ಆಫ್‌ಸೆಟ್‌ನಲ್ಲಿ ಸಿಗುತ್ತಾ ನೋಡಿ ಅಂತಲೂ ಹೇಳಿದ್ದೇನೆ. ಆಫೀಸಿನ ಪಾರ್ಕಿಂಗಿನಲ್ಲಿ ಆ ಹುಡುಗನ ಗಾಡಿ ನನ್ನದರ ಪಕ್ಕದಲ್ಲೇ ನಿಲ್ಲುತ್ತೆ. ಅದರ ಮುಂದೆ ನನ್ನದು ಕುಳ್ಳಗೆ, ಶಾಲೆಗೆ ಹೊರಟ ಹುಡುಗನ ಹಾಗೆ ಕಾಣುತ್ತೆ. ಅವನದ್ದು ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.