ಕೊಂಡು ತಂದ ನೆಮ್ಮದಿ

ನನ್ನ ಎಡಗಿವಿಯಲ್ಲಿ ಒಂದು ಜೀರುಂಡೆ ಮನೆ ಮಾಡಿಕೊಂಡಿದೆ. ಅದು ಬಂದು ಸೇರಿ ಈಗ್ಗೆ ನಾಲ್ಕು ವರ್ಷಗಳಾದುವು. ಬಾಡಿಗೆ ಕೊಡುವುದಿಲ್ಲ; ಬಿಟ್ಟು ಹೋಗೆಂದರೆ ಹೋಗುವುದೂ ಇಲ್ಲ. ಮಲೆನಾಡಿನ ಜೀರುಂಡೆಗಾದರೂ ಹೊತ್ತುಗೊತ್ತು ಎಂಬುದುಂಟು. ಇದಕ್ಕೆ ಹಗಲಿಲ್ಲ, ಇರುಳಿಲ್ಲ, ಮಳೆಗಾಲ ಬೇಸಗೆಯೆಂಬ ಭೇದವೂ ಇಲ್ಲ. ನಾನೊಬ್ಬನೇ ಕೇಳಬಲ್ಲ ಈ ಸಂಗೀತವನ್ನು ವೈದ್ಯರು ಟಿನಿಟಸ್ ಎನ್ನುತ್ತಾರೆ. ನಮ್ಮ ಆಯುರ್ವೇದದವರು ಬಹು ಹಿಂದೆಯೇ ಇದನ್ನು ಕರ್ಣನಾದವೆಂದು ಕರೆದು, ಭೇರಿ, ಮೃದಂಗ, ಶಂಖಗಳ ದನಿಯಂತೆ ಕೇಳಿಸುವುದೆಂದು ಬರೆದಿಟ್ಟಿದ್ದಾರೆ. ನನ್ನ ಪಾಲಿಗೆ ಭೇರಿಯೂ ಬರಲಿಲ್ಲ, ಶಂಖವೂ ಬರಲಿಲ್ಲ, ಜೀರುಂಡೆ ಬಂತು.

ಇದು ಬರಲು ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ನಾನು ಮೂವತ್ತು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು. ನನ್ನ ಮೇಜಿಗೂ ಯಂತ್ರಶಾಲೆಗೂ ನಡುವೆ ಇದ್ದುದು ಒಂದು ಮರದ ಬಾಗಿಲು. ಅದೂ ಯಾವಾಗಲೂ ತೆರೆದೇ ಇರುತ್ತಿತ್ತು. ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡಿರುವ ಭಾಗದಲ್ಲಿ ಕೂದಲಿನಷ್ಟು ನವಿರಾದ ಜೀವಕೋಶಗಳಿವೆಯಂತೆ. ಬಹುಕಾಲ ದೊಡ್ಡ ಸದ್ದಿಗೆ ಸಿಕ್ಕರೆ ಅವು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರಬೇಕಾದ ಸುದ್ದಿ ಬಾರದೆ ಹೋದಾಗ ಮಿದುಳು ಸುಮ್ಮನಿರದೆ, ದೂರದ ನಿಲ್ದಾಣ ಸಿಗದ ರೇಡಿಯೋವನ್ನು ನಾವು ಜೋರು ಮಾಡುವಂತೆ, ತನ್ನ ಗ್ರಹಣಶಕ್ತಿಯನ್ನೇ ಏರಿಸಿಕೊಳ್ಳುತ್ತದೆ. ಆಗ ಕೇಳುವ ಗೊರಗೊರ ಶಬ್ದವೇ ಈ ನಾದವೆಂದು ತಿಳಿದವರು ಹೇಳುತ್ತಾರೆ.

ಜೀರುಂಡೆಯೊಂದೇ ಆಗಿದ್ದರೆ ಹೇಗೋ ಸಂಸಾರ ಸಾಗಿಸಬಹುದಿತ್ತು. ಅದು ತನ್ನ ಜೊತೆಗೆ ಒಂದು ನೆಂಟನನ್ನೂ ಕರೆತಂದಿತು. ಹೊರಗಿನ ಸಣ್ಣ ಸದ್ದುಗಳೂ ನನಗೆ ಸಹಿಸದಾದುವು. ಕುಕ್ಕರಿನ ಸೀಟಿ, ಚಮಚ ಲೋಟಕ್ಕೆ ತಾಗಿದ ಸದ್ದು, ಬೀದಿಯ ಆಟೋದ ಹಾರನ್ನು, ಮಕ್ಕಳ ನಗು, ಎಲ್ಲವೂ ಸೂಜಿಯಾದುವು. ಕಿವಿಗೆ ಹತ್ತಿ ತುರುಕಿಕೊಂಡೆ. ಹತ್ತಿ ಹೆಚ್ಚಿದಷ್ಟೂ ಕಿವಿ ಇನ್ನಷ್ಟು ನಾಜೂಕಾಯಿತು. ಒಳಗಿನ ಜೀರುಂಡೆ ಇನ್ನಷ್ಟು ಗಟ್ಟಿಯಾಗಿ ಕೂಗಿತು. ಮನೆ ಒಂದು ಆಸ್ಪತ್ರೆಯಾಯಿತು. ನನ್ನ ಹೆಂಡತಿ ಕುಕ್ಕರನ್ನು ಅಟ್ಟಕ್ಕೇರಿಸಿ, ತಪ್ಪಲೆಯಲ್ಲಿ ಬೇಳೆ ಬೇಯಿಸತೊಡಗಿದಳು. ನಮ್ಮಲ್ಲಿಯೇ ಇದ್ದು ಓದುವ, ಒಂಬತ್ತು ವರ್ಷದ ಮೊಮ್ಮಗಳು ಸಂಗೀತದ ಅಭ್ಯಾಸವನ್ನು ನಿಲ್ಲಿಸಿದಳು. ನಿಲ್ಲಿಸೆಂದು ನಾನು ಹೇಳಿರಲಿಲ್ಲ. ಆದರೆ ಅವಳ ಕೈಯಿಂದ ತಟ್ಟೆ ಜಾರಿ ಬಿದ್ದ ದಿನ ನಾನು ಕೂಗಿದ ಕೂಗು, ಹಾಗೆ ಹೇಳಿದುದಕ್ಕಿಂತ ಹೆಚ್ಚಿನದಾಗಿತ್ತು.

ಒಂದು ರಾತ್ರಿ ಊಟಕ್ಕೆ ಹೋದಾಗ ನೋಡುತ್ತೇನೆ, ಆ ಹುಡುಗಿ ತನ್ನ ತಟ್ಟೆಯ ಕೆಳಗೆ ಒಂದು ಟವಲನ್ನು ನಾಲ್ಕು ಮಡಿಕೆಯಾಗಿ ಹಾಸಿ, ಲೋಟವನ್ನೂ ಅದರ ಮೇಲೆ ಮೆಲ್ಲಗೆ ಇಟ್ಟುಕೊಂಡು, ಸದ್ದಿಲ್ಲದೆ ಊಟ ಮಾಡುತ್ತಿದ್ದಳು. ಯಾರೂ ಹೇಳಿಕೊಟ್ಟಿದ್ದಲ್ಲ. ಮರುದಿನವೇ ನಾನು ವೈದ್ಯರಲ್ಲಿಗೆ ಹೋದೆ.

ಕಿವಿಯ ವೈದ್ಯರು ಎಲ್ಲ ಪರೀಕ್ಷೆ ಮಾಡಿಸಿ, ಮನೋವೈದ್ಯರಲ್ಲಿಗೆ ಕಳುಹಿಸಿದರು. ಆ ಮನೋವೈದ್ಯೆ ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ನಿದ್ದೆ, ಊಟ, ಅಳು, ಸಾಯುವ ಯೋಚನೆ, ಎಲ್ಲವನ್ನೂ ವಿಚಾರಿಸಿದರು. ಕೊನೆಗೆ ನಾರ್ಟ್ರಿಪ್ಟಿಲೀನ್ ಎಂಬ, ಖಿನ್ನತೆಗೆ ಕೊಡುವ ಮಾತ್ರೆಯನ್ನು ಬರೆದುಕೊಟ್ಟರು. ನಾನು, “ಇದರಿಂದ ಸದ್ದು ನಿಲ್ಲುತ್ತದೆಯೆ, ಡಾಕ್ಟರೆ?” ಎಂದೆ. ಅವರು, “ಇಲ್ಲ ಸಾರ್. ಆ ಸದ್ದನ್ನು ನಿಲ್ಲಿಸುವ ಮಾತ್ರೆ ಇಲ್ಲ. ಇದು ನಿಮ್ಮ ಕಿವಿಗಲ್ಲ, ನಿಮಗೆ” ಎಂದರು.

ಅವರು ಮುಚ್ಚುಮರೆ ಮಾಡಲಿಲ್ಲ. ಟಿನಿಟಸ್‌ಗೆಂದೇ ಖಿನ್ನತೆಯ ಮಾತ್ರೆಯನ್ನು ವಾಡಿಕೆಯಾಗಿ ಕೊಡಬಾರದೆಂದು ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಸಂಸ್ಥೆ ೨೦೧೪ರಲ್ಲಿಯೇ ಸಲಹೆ ಮಾಡಿದೆ. ಆದರೆ ಸದ್ದಿನ ಜೊತೆಗೆ ಖಿನ್ನತೆ, ಕಳವಳ, ನಿದ್ರಾಹೀನತೆಗಳು ಸೇರಿಕೊಂಡಾಗ ಅವುಗಳಿಗೆ ಚಿಕಿತ್ಸೆ ಬೇಕೇ ಬೇಕು. ಬಾಯಿ ಒಣಗೀತು, ಮಲಬದ್ಧತೆಯಾದೀತು, ಮಂಪರು ಹತ್ತೀತು. ಗುಣ ಕಾಣಲು ವಾರಗಳೇ ಹಿಡಿದಾವು. ಕೆಲವರಿಗೆ ಇಂಥ ಮಾತ್ರೆಯಿಂದಲೇ ಕಿವಿಯ ಸದ್ದು ಹೆಚ್ಚುವುದೂ ಉಂಟು. ನಿಮ್ಮಷ್ಟಕ್ಕೆ ನೀವೇ ಒಮ್ಮೆಗೇ ನಿಲ್ಲಿಸಕೂಡದು. ಹೀಗೆಲ್ಲ ತಿಳಿಸಿ, ಮೊದಲು ಹೃದಯದ ಇ.ಸಿ.ಜಿ. ತೆಗೆಸಿಕೊಂಡು ಬನ್ನಿರೆಂದರು.

ನನ್ನ ಗೆಳೆಯರೊಬ್ಬರಿದ್ದಾರೆ, ನಿವೃತ್ತ ಸಂಸ್ಕೃತ ಉಪಾಧ್ಯಾಯರು. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವಿಬ್ಬರೂ ಕೂಡುವುದು ವಾಡಿಕೆ. ಅವರಿಗೆ ಸಂಗತಿಯನ್ನು ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ರಾಯರೆ, ಸದ್ದು ಹಾಗೆಯೇ ಇರುತ್ತದೆ, ನೀವು ಮಾತ್ರ ಬೇರೆಯಾಗುತ್ತೀರಿ, ಅಷ್ಟೆ ತಾನೆ? ದುಃಖದಲ್ಲಿ ಉದ್ವೇಗಗೊಳ್ಳದವನನ್ನು ಗೀತೆ ಸ್ಥಿತಪ್ರಜ್ಞನೆಂದಿತು. ಅವನು ಅದನ್ನು ಔಷಧದ ಅಂಗಡಿಯಲ್ಲಿ ಕೊಂಡು ತಂದನೆಂದು ಹೇಳಲಿಲ್ಲ” ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಆದುದರಿಂದಲೇ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮಾತ್ರೆಯ ಹಾಳೆ ಒಂದು ವಾರ ಮೇಜಿನ ಮೇಲೆಯೇ ಉಳಿಯಿತು.

ಅವರ ಆಕ್ಷೇಪಣೆಯಲ್ಲಿ ಮೂರು ಮಾತುಗಳು ಅಡಗಿವೆಯೆಂದು ನನಗೆ ತೋರಿತು. ನೋವು ಇದ್ದಂತೆಯೇ ಇರುವಾಗ ಅದನ್ನು ಇಲ್ಲವೆನಿಸಿಕೊಳ್ಳುವುದು ಆತ್ಮವಂಚನೆ ಎಂಬುದು ಮೊದಲನೆಯದು. ಸಾಧಿಸದೆ ಪಡೆದ ತಾಳ್ಮೆ ನನ್ನದಲ್ಲ ಎಂಬುದು ಎರಡನೆಯದು. ಮೂರನೆಯದು ಅವರು ಆಡಲಿಲ್ಲ, ನನಗೇ ಹೊಳೆಯಿತು: ಗದ್ದಲವನ್ನು ಸಹಿಸಲು ಎಲ್ಲರೂ ಮಾತ್ರೆ ನುಂಗಿದರೆ ಗದ್ದಲ ಮಾಡುವವರನ್ನು ಕೇಳುವವರು ಯಾರು?

ಮೊದಲನೆಯದಕ್ಕೆ ಉತ್ತರ ಪುಸ್ತಕಗಳಲ್ಲಿಯೇ ಸಿಕ್ಕಿತು. ೧೯೫೩ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಅಮೆರಿಕದಲ್ಲಿ, ಕಿವಿ ಚೆನ್ನಾಗಿದ್ದ ೮೦ ಜನರನ್ನು ಸದ್ದೇ ಹೋಗದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸುತ್ತದೆಯೆಂದು ವಿಚಾರಿಸಿದರು. ನೂರಕ್ಕೆ ೯೪ ಮಂದಿ ಏನೋ ಒಂದು ಸದ್ದು ಕೇಳಿಸುತ್ತದೆಯೆಂದರು. ಎಂದರೆ ಜೀರುಂಡೆಯ ಮರಿಯೊಂದು ಎಲ್ಲರ ತಲೆಯಲ್ಲಿಯೂ ಇದೆ. ಅದಕ್ಕೆ ಹೆದರಿದವನಿಗೆ ಮಾತ್ರ ಅದು ಹುಲಿಯಾಗುತ್ತದೆ. ಒಳಗಿನ ಸದ್ದನ್ನು ಹೊರಗಿನ ಒಂದು ದನಿಯೊಡನೆ ಹೋಲಿಸಿ ಅಳೆಯುವ ಕ್ರಮವುಂಟು. ಹಾಗೆ ಅಳೆದರೆ ಅನೇಕರಲ್ಲಿ ಅದು ಅವರಿಗೆ ಕೇಳಿಸುವ ಅತಿ ಸಣ್ಣ ದನಿಗಿಂತ ಕೆಲವೇ ಡೆಸಿಬೆಲ್ ಹೆಚ್ಚಿರುತ್ತದೆ. ಹಾಗಿದ್ದೂ ಒಬ್ಬನಿಗೆ ಅದು ಲೆಕ್ಕಕ್ಕಿಲ್ಲ, ಇನ್ನೊಬ್ಬನಿಗೆ ಬದುಕೇ ಬೇಡವಾಗುತ್ತದೆ. ವ್ಯತ್ಯಾಸ ಸದ್ದಿನಲ್ಲಿಲ್ಲ, ಆ ಸದ್ದನ್ನು ಮನಸ್ಸು ಅಪಾಯವೆಂದು ಬಗೆಯಿತೆ ಇಲ್ಲವೆ ಎಂಬುದರಲ್ಲಿದೆ. ಇದನ್ನೇ ವಿಜ್ಞಾನಿ ಯಾಸ್ಟ್ರೆಬಾಫ್ ೧೯೯೦ರಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು. ಅಂದ ಮೇಲೆ, ಮಾತ್ರೆ ನನ್ನಿಂದ ಒಂದು ಸತ್ಯವನ್ನು ಮುಚ್ಚಿಟ್ಟಿತೆನ್ನುವುದಕ್ಕಿಂತ, ಸತ್ಯದ ಮೇಲೆ ಕುಳಿತಿದ್ದ ಒಂದು ಭಯವನ್ನು ಇಳಿಸಿತೆನ್ನುವುದೇ ಸರಿ. ಹಗ್ಗ ಹಗ್ಗವಾಗಿಯೇ ಉಳಿಯಿತು, ಹಾವು ಹೋಯಿತು.

ಎರಡನೆಯ ಮಾತು ಇಷ್ಟು ಸುಲಭವಲ್ಲ. ಮೇಷ್ಟ್ರು ಕನ್ನಡಕ ಹಾಕಿಕೊಳ್ಳುವುದಿಲ್ಲವೆ, ಬೆಳಗ್ಗೆ ಫಿಲ್ಟರ್ ಕಾಫಿ ಗಂಟಲಿಗಿಳಿಯದೆ ಅವರಿಗೆ ಅಮರದ ಒಂದು ಶ್ಲೋಕವಾದರೂ ನೆನಪಾಗುತ್ತದೆಯೆ, ಎಂದು ವಾದ ಹೂಡಬಹುದಿತ್ತು. ಆದರೆ ಅದು ಗೆಲ್ಲುವ ವಾದ, ಒಪ್ಪುವ ವಾದವಲ್ಲ. ಕನ್ನಡಕ ನೋಡುವವನನ್ನು ಬದಲಾಯಿಸುವುದಿಲ್ಲ. ಮಾತ್ರೆ ಕೇಳುವವನನ್ನೇ ಬದಲಾಯಿಸುತ್ತದೆ. ಇದನ್ನು ಒಪ್ಪಿಕೊಳ್ಳಲೇಬೇಕು.

ಈ ಜಾತಿಯ ಔಷಧಗಳು ಹುಟ್ಟಿದ ಬಗೆಯೂ ವಿಚಿತ್ರ. ೧೯೫೦ರ ದಶಕದ ಮೊದಲಲ್ಲಿ ಇಪ್ರೋನಿಯಾಜಿಡ್ ಎಂಬುದನ್ನು ಕ್ಷಯರೋಗಕ್ಕೆಂದು ಕೊಟ್ಟರು. ರೋಗಿಗಳಲ್ಲಿ ಉಲ್ಲಾಸ ಕಾಣಿಸಿಕೊಂಡಿತು. ಸ್ವಿಟ್ಸರ್ಲೆಂಡಿನ ರೋಲಾಂಡ್ ಕೂನ್ ಎಂಬ ವೈದ್ಯರು, ಬೇರೊಂದು ಮನೋರೋಗಕ್ಕೆ ನಾಟದೆ ಹೋದ ಇಮಿಪ್ರಮೀನ್, ಖಿನ್ನರಾದವರನ್ನು ಎಬ್ಬಿಸಿ ಕೂರಿಸುವುದನ್ನು ಕಂಡು ೧೯೫೭ರಲ್ಲಿ ಪ್ರಕಟಿಸಿದರು. ನನ್ನ ಮಾತ್ರೆ ಅದರ ದಾಯಾದಿ. ಮನುಷ್ಯನ ದುಃಖಕ್ಕೂ ಒಂದು ರಸಾಯನವಿದೆ ಎಂಬ ಸಂಗತಿ ಹೀಗೆ ಆಕಸ್ಮಿಕವಾಗಿ ಕೈಗೆ ಸಿಕ್ಕಿತು. ಇದು ನಮ್ಮ ಅಭಿಮಾನಕ್ಕೆ ಸ್ವಲ್ಪ ಪೆಟ್ಟೇ ಸರಿ.

ಇದೇ ಕಿವಿಯ ಬಾಧೆಯನ್ನು ಔಷಧವಿಲ್ಲದೆ ಹೊತ್ತ ಮಹನೀಯರಿಲ್ಲವೆ? ಬೇತೋವನ್ ತನ್ನ ಕಿವಿ ಹಗಲಿರುಳೂ ಮೊರೆಯುತ್ತದೆಯೆಂದು ೧೮೦೧ರಲ್ಲಿ ಗೆಳೆಯನಿಗೆ ಕಾಗದ ಬರೆದ. ಆಮೇಲೆ ಎಂಥ ಸಂಗೀತವನ್ನು ರಚಿಸಿದ! ಬೊಹೀಮಿಯದ ಸ್ಮೆಟಾನ ೧೮೭೬ರ ತನ್ನ ತಂತಿವಾದ್ಯ ರಚನೆಯ ಕೊನೆಯ ಭಾಗದಲ್ಲಿ, ತನ್ನ ಕಿವಿಯಲ್ಲಿ ಮೊಳಗಿದ ಆ ಚುಚ್ಚುವ ತಾರಸ್ವರವನ್ನೇ ತಂದಿಟ್ಟ. ಅವರಿಗೆ ಕೈಮುಗಿಯೋಣ. ಆದರೆ ಅವರ ಮುಂದೆ ಮಾತ್ರೆಯಿಟ್ಟು, ಅವರು ಅದನ್ನು ಬೇಡವೆಂದುದಲ್ಲ. ಗತಿಯಿಲ್ಲದೆ ಹೊತ್ತ ಭಾರವನ್ನು ವ್ರತವೆಂದು ಹೊಗಳುವುದು ಹೊತ್ತವರಿಗೆ ಮಾಡುವ ಮರ್ಯಾದೆಯಲ್ಲ. ಅದಲ್ಲದೆ ನನ್ನ ನೋವಿನಿಂದ ಯಾವ ಸಂಗೀತವೂ ಹುಟ್ಟಿರಲಿಲ್ಲ. ಹುಟ್ಟಿದ್ದು ತಟ್ಟೆಯ ಕೆಳಗಿನ ಆ ಟವಲು ಮಾತ್ರ. ನನ್ನ ಸಾಧನೆಯ ಖರ್ಚನ್ನು ಒಂಬತ್ತು ವರ್ಷದ ಮಗು ಕೊಡುತ್ತಿತ್ತು. ಇದು ಮನಸ್ಸಿಗೆ ಬಂದ ರಾತ್ರಿ ನಾನು ಮೊದಲ ಮಾತ್ರೆಯನ್ನು ನುಂಗಿದೆ.

ಮೊದಲ ಮೂರು ವಾರ ಬಾಯಿ ಒಣಗಿದ್ದೇ ಲಾಭ. ಆರನೆಯ ವಾರವೋ ಏಳನೆಯ ವಾರವೋ, ಅಡಿಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು. ನಾನು ಪತ್ರಿಕೆ ಓದುತ್ತಿದ್ದವನು ಓದುತ್ತಲೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ, ಪಾತ್ರೆ ಬಿತ್ತಲ್ಲ ಎಂದು ನೆನಪಾಯಿತು. ಬಾಗಿಲಲ್ಲಿ ಹೆಂಡತಿ ಹೆದರಿಕೊಂಡು ನಿಂತಿದ್ದಳು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಮೇಷ್ಟ್ರ ಮಾತು ಅಷ್ಟರ ಮಟ್ಟಿಗೆ ನಿಜ. ಸದ್ದಿಗೂ ಸಿಟ್ಟಿಗೂ ನಡುವೆ ಮಾತ್ರೆ ಒಂದು ಗೇಣು ಜಾಗ ಬಿಡಿಸಿಕೊಟ್ಟಿತು. ಅದು ಕೊಂಡು ತಂದ ಜಾಗ, ಸಂಶಯವಿಲ್ಲ. ಆದರೆ ಆ ಜಾಗದಲ್ಲಿ ನಾನು ಏನು ಮಾಡುತ್ತೇನೆಂಬುದು ಯಾವ ಅಂಗಡಿಯಲ್ಲಿಯೂ ಸಿಕ್ಕುವುದಿಲ್ಲ. ಮಾರನೆಯ ದಿನ ಮೊಮ್ಮಗಳನ್ನು ಕೂರಿಸಿಕೊಂಡು, “ಅವತ್ತು ನಾನು ಕೂಗಿದ್ದು ತಪ್ಪು ಕಣಮ್ಮ” ಎಂದು ಹೇಳಬೇಕಾಗಿ ಬಂತು. ಆ ಮಾತು ಗಂಟಲಿನಿಂದ ಹೊರಡಲು ಪಟ್ಟ ಕಷ್ಟವನ್ನು ಮಾತ್ರೆ ಒಂದಿಷ್ಟೂ ಕಡಮೆ ಮಾಡಲಿಲ್ಲ; ಹೆಚ್ಚೇ ಮಾಡಿತು. ಮೊದಲಾದರೆ, ನನ್ನದೇನು, ಕಿವಿಯದು ಎನ್ನಬಹುದಿತ್ತು. ಈಗ ಆ ನೆವವೂ ಹೋಯಿತು. ಔಷಧ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲ. ಒಳ್ಳೆಯವನಾಗದಿರಲು ಅವನಿಗಿದ್ದ ಕಾರಣಗಳಲ್ಲಿ ಒಂದನ್ನು ಕಿತ್ತುಕೊಳ್ಳುತ್ತದೆ.

ಇನ್ನು ಮೂರನೆಯ ಮಾತು. ವಸತಿ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮೀರಕೂಡದೆಂದೂ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದೂ ೨೦೦೦ದಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ನಿಯಮ ಕಾಗದದಲ್ಲಿ ಸದ್ದಿಲ್ಲದೆ ಮಲಗಿರುವುದು ನಮಗೆಲ್ಲ ತಿಳಿದದ್ದೇ. ನಾನು ಮೊದಲು ಎಲ್ಲದರ ಮೇಲೂ ದೂರು ಹೇಳುತ್ತಿದ್ದೆ: ತರಕಾರಿಯವನ ಕೂಗು, ಪಕ್ಕದ ಮನೆಯ ಮಗುವಿನ ಅಳು, ಮದುವೆಯ ವಾಲಗ. ಆದುದರಿಂದ ಬೀದಿಯಲ್ಲಿ ಯಾರೂ ನನ್ನ ಮಾತನ್ನು ಲೆಕ್ಕಕ್ಕಿಡಲಿಲ್ಲ. ಕಿವಿ ಹುಣ್ಣಾಗಿದ್ದವನಿಗೆ ಅನ್ಯಾಯದ ಸದ್ದು ಯಾವುದು, ಬದುಕಿನ ಸದ್ದು ಯಾವುದೆಂದು ತಿಳಿಯುವುದು ಹೇಗೆ? ಕಳೆದ ವರ್ಷ ನಮ್ಮ ಬೀದಿಯ ಪೆಂಡಾಲಿನಲ್ಲಿ ರಾತ್ರಿ ಹನ್ನೊಂದೂವರೆಯಾದರೂ ಧ್ವನಿವರ್ಧಕ ಅರಚುತ್ತಿತ್ತು. ನಾನು ಅಂಗಿ ತೊಟ್ಟು ಹೋಗಿ, ಹುಡುಗರೊಡನೆ ಮೆಲ್ಲಗೆ ಮಾತನಾಡಿದೆ. ಬಾಣಂತಿಯಿದ್ದ ಮನೆಯವರೂ ಬಂದು ಜೊತೆಗೆ ನಿಂತರು. ಆ ರಾತ್ರಿ ನಿಲ್ಲಿಸಿದರು. ಮರುರಾತ್ರಿ ಮತ್ತೆ ಹಾಕಿದರು, ಮತ್ತೆ ಹೋದೆ. ಮಾತ್ರೆ ನನ್ನನ್ನು ಗದ್ದಲಕ್ಕೆ ತಲೆಬಾಗಿಸಲಿಲ್ಲ. ಯಾವುದಕ್ಕೆ ತಲೆಯೆತ್ತಬೇಕೆಂಬ ವಿವೇಚನೆಗೆ ಬಿಡುವು ಕೊಟ್ಟಿತು.

ಲೆಕ್ಕದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅಚ್ಚುಕೂಟದ ಹಳೆಯ ಗೆಳೆಯನೊಬ್ಬ ತೀರಿಕೊಂಡಾಗ ನನಗೆ ಬರಬೇಕಾದಷ್ಟು ಅಳು ಬರಲಿಲ್ಲ. ವಯಸ್ಸೋ, ಮಾತ್ರೆಯೋ! ಅದನ್ನು ವೈದ್ಯೆಗೆ ತಿಳಿಸಿದೆ. ಅವರು ಮುಂದಿನ ತಿಂಗಳಿನಿಂದ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡೋಣವೆಂದಿದ್ದಾರೆ. ನನ್ನ ನೆಮ್ಮದಿಯಲ್ಲಿ ಎಷ್ಟು ಪಾಲು ಕೊಂಡದ್ದು, ಎಷ್ಟು ಪಾಲು ಬೆಳೆದದ್ದು ಎಂಬುದು ಆಗ ಗೊತ್ತಾದೀತು. ಪೂರ್ತಿ ಕೊಂಡದ್ದೇ ಎಂದು ತಿಳಿದರೆ ಮತ್ತೆ ಕೊಳ್ಳಲು ನನಗೆ ನಾಚಿಕೆಯಿಲ್ಲ. ಮೇಷ್ಟ್ರಿಗೂ ಹಾಗೆಯೇ ಹೇಳಿದೆ. ಅವರು, “ಆಗಲಿ ರಾಯರೆ, ನೀವು ನಗುವುದನ್ನು ಕಂಡು ಬಹಳ ದಿನವಾಗಿತ್ತು” ಎಂದರು. ಅವರು ತಮ್ಮ ವಾದವನ್ನು ಬಿಟ್ಟುಕೊಟ್ಟಿಲ್ಲ. ಬಿಡುವುದೂ ಬೇಡ.

ಜೀರುಂಡೆ ಈಗಲೂ ಇದೆ, ಇದನ್ನು ಬರೆಯುವಾಗಲೂ ಕೂಗುತ್ತಿದೆ. ಕುಕ್ಕರು ಅಟ್ಟದಿಂದ ಇಳಿದಿದೆ. ಮೊಮ್ಮಗಳು ಸಂಜೆ ಶ್ರುತಿಪೆಟ್ಟಿಗೆ ಹಾಕಿಕೊಂಡು ಸರಳೆ ಹಾಡುತ್ತಾಳೆ. ಆದರೆ ಊಟಕ್ಕೆ ಕೂತಾಗ ಇಂದಿಗೂ ಒಮ್ಮೊಮ್ಮೆ, ಮರೆತು, ತಟ್ಟೆಯ ಕೆಳಗೆ ಟವಲು ಹಾಸುತ್ತಾಳೆ. ಅವಳೊಳಗೆ ನಾನು ಇಟ್ಟ ಆ ಭಯಕ್ಕೆ ನಾನು ನುಂಗುವ ಮಾತ್ರೆ ನಾಟುವುದಿಲ್ಲ. ನಾನೇ ಎದ್ದು ಹೋಗಿ, ಟವಲನ್ನು ತೆಗೆದು ಗೂಟಕ್ಕೆ ಹಾಕಿ ಬಂದು ಕೂರುತ್ತೇನೆ.